ಪಾಪ್ ತಾರೆಯರ ಪ್ರಯೋಗ ನಡೆಯುವುದು ಎಲ್ಲಿ?

ಪಾಪ್ ಸಂಗೀತದ ತಾರೆಯರು ನಿಜವಾಗಿಯೂ ಪ್ರಯೋಗ ಮಾಡುತ್ತಾರೆಯೇ, ಇಲ್ಲವೇ ಗಾಳಿ ಬಂದಾಗ ತೂರಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ವಾದ ಎರಡೇ ದಾರಿಗಳಲ್ಲಿ ಸಾಗುತ್ತದೆ. ಅಭಿಮಾನಿಗಳ ಪಾಲಿಗೆ ತಮ್ಮ ಮೆಚ್ಚಿನ ತಾರೆ ಹಿಂದೆಂದೂ ಯಾರೂ ಕೇಳಿರದ ನಾದವನ್ನು ಶೂನ್ಯದಿಂದ ಸೃಷ್ಟಿಸಿದ ಪ್ರತಿಭೆ. ಟೀಕಾಕಾರರ ಪಾಲಿಗೆ ಎಲ್ಲ ಪಾಪ್ ಹಾಡುಗಳೂ ಅವೇ ನಾಲ್ಕು ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಮರುಬಳಕೆ. ಎರಡೂ ವಾದಗಳು ತಪ್ಪು, ಮತ್ತು ತಪ್ಪಿನ ಮೂಲವೂ ಒಂದೇ: ಪ್ರಯೋಗ ನಡೆಯುವ ಜಾಗ ಯಾವುದೆಂದು ಇಬ್ಬರೂ ನೋಡಿಲ್ಲ.

ಪಾಪ್ ಸಂಗೀತದಲ್ಲಿ ಹೊಸತು ಹುಟ್ಟುವುದು ಬಹುಮಟ್ಟಿಗೆ ನಾದಗುಣದಲ್ಲಿ. ಒಂದೇ ಶ್ರುತಿಯಲ್ಲಿ, ಒಂದೇ ಗಟ್ಟಿತನದಲ್ಲಿ ನುಡಿಸಿದರೂ ಕೊಳಲನ್ನೂ ಪಿಟೀಲನ್ನೂ ನಾವು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತೇವಲ್ಲ, ಆ ವ್ಯತ್ಯಾಸವೇ ನಾದಗುಣ. ಮೂಲ ಕಂಪನದ ಜೊತೆಗೆ ಏಳುವ ಮೇಲಿನ ಕಂಪನಗಳು ಯಾವ ಪ್ರಮಾಣದಲ್ಲಿವೆ, ಸದ್ದು ಎಷ್ಟು ಬೇಗ ಏರಿ ಹೇಗೆ ಇಳಿಯುತ್ತದೆ ಎಂಬುದು ಅದನ್ನು ನಿರ್ಧರಿಸುತ್ತದೆ. ಇದನ್ನು ಬರೆದಿಡಲು ಸ್ವರಲಿಪಿಯಲ್ಲಿ ತಕ್ಕ ಚಿಹ್ನೆಗಳಿಲ್ಲ. ಆದ್ದರಿಂದ ಸ್ವರಲಿಪಿಯನ್ನೇ ಸಂಗೀತವೆಂದು ಓದುವವರಿಗೆ ಪಾಪ್ ಹಾಡು ಖಾಲಿಯಾಗಿ ಕಾಣುತ್ತದೆ. ಇನ್ನು ಪ್ರಯೋಗ ಎಂಬ ಮಾತನ್ನು ನಾನು ವಿಜ್ಞಾನದ ಅರ್ಥದಲ್ಲೇ ಬಳಸುತ್ತಿದ್ದೇನೆ: ಫಲಿತಾಂಶ ಮೊದಲೇ ಗೊತ್ತಿಲ್ಲದ ಕೆಲಸವೊಂದನ್ನು ಮಾಡಿ ನೋಡುವುದು, ಬಂದದ್ದನ್ನು ಕಿವಿಯಿಂದ ಪರೀಕ್ಷಿಸುವುದು, ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು. ಅದನ್ನು ಮೊದಲು ಮಾಡಿದವರು ಯಾರು ಎಂಬುದು ಬೇರೆಯೇ ಪ್ರಶ್ನೆ.

1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್‌ನಲ್ಲಿರುವ ಇಎಂಐ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡ ಮುದ್ರಿಸಿದ ‘ಟುಮಾರೋ ನೆವರ್ ನೋಸ್’ ಹಾಡನ್ನೇ ನೋಡಿ. ಕಾರ್ಡ್‌ಗಳನ್ನು ಎಣಿಸುವವರಿಗೆ ಇದು ತೀರ ಬಡ ಹಾಡು, ಏಕೆಂದರೆ ಇಡೀ ಹಾಡು ಹೆಚ್ಚುಕಡಿಮೆ ಒಂದೇ ಕಾರ್ಡಿನ ಮೇಲೆ ನಿಂತಿದೆ. ಆದರೆ ಪಾಲ್ ಮೆಕಾರ್ಟ್ನಿ ಮನೆಯ ಟೇಪ್ ರೆಕಾರ್ಡರಿನಲ್ಲಿ ತಯಾರಿಸಿದ ಟೇಪಿನ ಸುರುಳಿಗಳು, ಅಂದರೆ ಎರಡು ತುದಿಗಳನ್ನು ಅಂಟಿಸಿ ಮತ್ತೆಮತ್ತೆ ಸುತ್ತುವಂತೆ ಮಾಡಿದ ತುಣುಕುಗಳು, ಸ್ಟುಡಿಯೋದ ಹಲವು ಯಂತ್ರಗಳಲ್ಲಿ ಏಕಕಾಲಕ್ಕೆ ಸುತ್ತುತ್ತಿದ್ದವು. ಸುರುಳಿ ಸಡಿಲವಾಗದಂತೆ ಸಿಬ್ಬಂದಿ ಅದರೊಳಗೆ ಪೆನ್ಸಿಲ್ ತೂರಿಸಿ ಎಳೆದು ಹಿಡಿದಿದ್ದರು. ಯಾವ ಸದ್ದು ಯಾವ ಕ್ಷಣ ಹಾಡಿನೊಳಗೆ ಬರಬೇಕೆಂಬುದು ಮಿಕ್ಸರಿನ ಮುಂದೆ ಕೂತವರ ಬೆರಳುಗಳಲ್ಲಿ ಅಲ್ಲೇ ತೀರ್ಮಾನವಾಗುತ್ತಿತ್ತು. ಅದೇ ಮಿಶ್ರಣವನ್ನು ಇನ್ನೊಮ್ಮೆ ಮಾಡಲು ಸಾಧ್ಯವೇ ಇರಲಿಲ್ಲ. ಜಾನ್ ಲೆನನ್‌ನ ದನಿಯನ್ನು ಹಾಡಿನ ಒಂದು ಭಾಗದಲ್ಲಿ ಆರ್ಗನ್ ವಾದ್ಯಕ್ಕೆಂದು ಮಾಡಿದ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಲಾಯಿತು. ಅದೇ ವರ್ಷ ಅದೇ ಸ್ಟುಡಿಯೋದ ತಂತ್ರಜ್ಞ ಕೆನ್ ಟೌನ್‌ಸೆಂಡ್, ಒಮ್ಮೆ ಹಾಡಿದ ದನಿಯನ್ನೇ ಇನ್ನೊಂದು ಟೇಪಿನಲ್ಲಿ ತುಸು ತಡವಾಗಿ ಬರಿಸಿ ಇಬ್ಬರು ಹಾಡಿದಂತೆ ಕೇಳಿಸುವ ಉಪಾಯವನ್ನು ಕಂಡುಹಿಡಿದ. ಇಂಥವರ ಹೆಸರು ಹಾಡುಗಳ ಜೊತೆ ನೆನಪಾಗದಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹಾಗೆಂದು ಟೇಪಿನ ಸುರುಳಿಗಳನ್ನು ಸಂಗೀತಕ್ಕೆ ತಂದವರು ಬೀಟಲ್ಸ್ ಎಂದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಪ್ಯಾರಿಸ್ಸಿನ ರೇಡಿಯೋ ಸ್ಟುಡಿಯೋದಲ್ಲಿ ಪಿಯರ್ ಶೆಫರ್ 1948ರಲ್ಲೇ ರೈಲುಬಂಡಿಯ ಮುದ್ರಿತ ಸದ್ದುಗಳನ್ನು ಜೋಡಿಸಿ ಸಂಗೀತ ಕಟ್ಟಿದ್ದ; ಕಲೋನ್‌ನಲ್ಲಿ ಕಾರ್ಲ್‌ಹೈಂಟ್ಸ್ ಸ್ಟಾಕ್‌ಹೌಸನ್ 1956ರ ಹೊತ್ತಿಗೆ ಬಾಲಕನೊಬ್ಬನ ದನಿಯನ್ನು ವಿದ್ಯುನ್ಮಾನ ಸದ್ದಿನೊಂದಿಗೆ ಬೆರೆಸಿದ್ದ. ಮೆಕಾರ್ಟ್ನಿ ಇಂಥ ಸಂಗೀತವನ್ನು ಆಸಕ್ತಿಯಿಂದ ಕೇಳುತ್ತಿದ್ದ, ಮತ್ತು 1967ರ ‘ಸಾರ್ಜೆಂಟ್ ಪೆಪರ್’ ಆಲ್ಬಂನ ಮುಖಚಿತ್ರದ ಗುಂಪಿನಲ್ಲಿ ಸ್ಟಾಕ್‌ಹೌಸನ್‌ನ ಮುಖವೂ ಇದೆ. ಬೀಟಲ್ಸ್ ಮಾಡಿದ್ದು ಬೇರೆ: ಸಣ್ಣ ವಲಯದ ಕಿವಿಗಳಿಗೆ ಮಾತ್ರ ಬೀಳುತ್ತಿದ್ದ ವಿಧಾನವನ್ನು ಮೂರು ನಿಮಿಷದ ಹಾಡಿನೊಳಗೆ ಇಟ್ಟರೆ ಹಾಡು ಹಾಡಾಗಿ ಉಳಿಯುತ್ತದೆಯೇ ಎಂಬುದನ್ನು ಪರೀಕ್ಷಿಸಿದ್ದು. ಅದರ ಉತ್ತರ ಶೆಫರನಿಗಾಗಲಿ ಸ್ಟಾಕ್‌ಹೌಸನ್‌ನಿಗಾಗಲಿ ಗೊತ್ತಿರಲಿಲ್ಲ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದನಿಯ ಶ್ರುತಿಯನ್ನು ತಿದ್ದುವ ತಂತ್ರಾಂಶವಾದ ಆಟೋ-ಟ್ಯೂನ್ ಎಂದರೆ ಹಾಡಲು ಬಾರದವರ ಊರುಗೋಲು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಶೋಧನೆಯ ಕ್ಷೇತ್ರದಲ್ಲಿದ್ದವನು. ಭೂಮಿಯೊಳಗೆ ಅಲೆಗಳನ್ನು ಕಳುಹಿಸಿ, ಶಿಲಾಪದರಗಳಿಂದ ಮರಳಿ ಬರುವ ಗೋಜಲಾದ ಅಲೆಗಳಿಂದ ಪದರಗಳ ಆಳವನ್ನು ಲೆಕ್ಕಹಾಕುವ ಗಣಿತ ಅವನ ಕಸುಬಾಗಿತ್ತು. ಆ ಉದ್ಯಮವನ್ನು ಬಿಟ್ಟು ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆಯನ್ನು ಕಲಿತ ಮೇಲೆ, ಅದೇ ಬಗೆಯ ಗಣಿತದಿಂದ ಹಾಡುವ ದನಿಯ ಶ್ರುತಿಯನ್ನೂ ಹಿಡಿಯಬಹುದೆಂದು ಅವನಿಗೆ ಹೊಳೆಯಿತು. 1997ರಲ್ಲಿ ಆಟೋ-ಟ್ಯೂನ್ ಮಾರುಕಟ್ಟೆಗೆ ಬಂತು.

ಅದರ ಕೆಲಸ ಹೀಗೆ ನಡೆಯುತ್ತದೆ. ಗಾಯಕಿ 440 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 440 ಬಾರಿ ಕಂಪಿಸುವ, ಸ್ವರವನ್ನು ಹಾಡಬೇಕಾಗಿದೆ ಎನ್ನೋಣ. ಆ ಅಲೆಯ ಒಂದು ಆವರ್ತಕ್ಕೆ ಸುಮಾರು 2.27 ಮಿಲಿಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 44,100 ಮಾದರಿಗಳಂತೆ, ಅಂದರೆ ಅಲೆಯನ್ನು ಅಷ್ಟು ಬಾರಿ ಅಳೆದು, ಡಿಜಿಟಲ್ ಮುದ್ರಣ ಮಾಡಿದಾಗ ಆ ಒಂದು ಆವರ್ತದಲ್ಲಿ ಸುಮಾರು 100 ಮಾದರಿಗಳಿರುತ್ತವೆ. ತಂತ್ರಾಂಶ ಅಲೆಯ ಒಂದು ಪ್ರತಿಯನ್ನು ಮೂಲ ಅಲೆಯ ಮೇಲೆ ಇಟ್ಟು ಮಾದರಿ ಮಾದರಿಯಾಗಿ ಸರಿಸುತ್ತ ಹೋಗುತ್ತದೆ. ಎಷ್ಟು ಸರಿಸಿದಾಗ ಪ್ರತಿಯ ಏರಿಳಿತ ಮೂಲದ ಏರಿಳಿತದೊಂದಿಗೆ ಮೊದಲ ಬಾರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆಯೋ ಅದೇ ಆವರ್ತದ ಉದ್ದ. ಹೊಂದಿಕೆ 100ರ ಬದಲು 102 ಅಥವಾ 103 ಮಾದರಿಗಳ ಬಳಿ ಸಿಕ್ಕಿತೆಂದರೆ ಗಾಯಕಿ 430 ಹರ್ಟ್ಸ್‌ನ ಆಸುಪಾಸಿನಲ್ಲಿ, ಅಂದರೆ ಅರ್ಧಸ್ವರದ ಐದರಲ್ಲಿ ಎರಡು ಪಾಲಿನಷ್ಟು ಕೆಳಗೆ ಹಾಡಿದ್ದಾಳೆ ಎಂದರ್ಥ. ಆಗ ತಂತ್ರಾಂಶ ಆವರ್ತಗಳನ್ನು ತುಸು ಕುಗ್ಗಿಸಿ, ಹಾಡಿನ ಒಟ್ಟು ಅವಧಿ ಕಡಿಮೆಯಾಗದಂತೆ ಅಲ್ಲಲ್ಲಿ ಒಂದೊಂದು ಆವರ್ತವನ್ನು ಹೆಚ್ಚಿಗೆ ಸೇರಿಸುತ್ತದೆ. ಹೊಂದಿಕೆಯನ್ನು ಅಳೆಯಲು ಬೇಕಾದ ಗುಣಿಸಿ ಕೂಡುವ ಲೆಕ್ಕ ಕ್ಷಣಕ್ಷಣಕ್ಕೂ ನಡೆಯಬೇಕಾದ ಕಾರಣ ಆ ಕಾಲದ ಕಂಪ್ಯೂಟರುಗಳಿಗೆ ಹೊರೆಯಾಗುತ್ತಿತ್ತು. ಲೆಕ್ಕದ ಹೆಜ್ಜೆಗಳನ್ನು ಭಾರಿ ಪ್ರಮಾಣದಲ್ಲಿ ಕಡಿಮೆ ಮಾಡುವ ದಾರಿಯನ್ನು ಕಂಡುಕೊಂಡದ್ದೇ ಹಿಲ್ಡೆಬ್ರಾಂಡನ ನಿಜವಾದ ಸಾಧನೆ.

ತಿದ್ದುಪಡಿ ಎಷ್ಟು ಬೇಗ ಆಗಬೇಕೆಂಬುದನ್ನು ನಿಗದಿಮಾಡಲು ಅದರಲ್ಲಿ ಒಂದು ಗುಂಡಿಯಿದೆ. ನಿಧಾನಕ್ಕೆ ಇಟ್ಟರೆ ದನಿ ಸಹಜವಾಗಿಯೇ ಜಾರಿಕೊಂಡು ಬಂದು ಸರಿಯಾದ ಶ್ರುತಿಯಲ್ಲಿ ನಿಲ್ಲುತ್ತದೆ, ತಿದ್ದಿದ್ದು ಯಾರಿಗೂ ತಿಳಿಯುವುದಿಲ್ಲ. 1998ರಲ್ಲಿ ಮಾರ್ಕ್ ಟೇಲರ್ ಮತ್ತು ಬ್ರಯಾನ್ ರಾಲಿಂಗ್ ನಿರ್ಮಾಪಕರಾಗಿ ಲಂಡನ್ನಿನಲ್ಲಿ ಅಮೆರಿಕದ ಗಾಯಕಿ ಶೇರ್ ಅವರ ‘ಬಿಲೀವ್’ ಹಾಡನ್ನು ಸಿದ್ಧಪಡಿಸುವಾಗ ಆ ವೇಗವನ್ನು ಅತಿಗೆ ಒಯ್ದು, ತಿದ್ದುಪಡಿಗೆ ಹಿಡಿಯುವ ಸಮಯವನ್ನು ಸೊನ್ನೆಗೆ ಇಳಿಸಲಾಯಿತು. ಮನುಷ್ಯನ ಧ್ವನಿತಂತುಗಳು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗಲು ಹತ್ತಾರು ಮಿಲಿಸೆಕೆಂಡುಗಳಾದರೂ ಬೇಕು; ಇಲ್ಲಿ ಆ ನಡುವಿನ ದಾರಿಯೇ ಅಳಿಸಿಹೋಗಿ, ದನಿ ಮೆಟ್ಟಿಲಿಂದ ಮೆಟ್ಟಿಲಿಗೆ ನೆಗೆಯಿತು. ಹಾರ್ಮೋನಿಯಂನಲ್ಲಿ ಗಮಕ ಹೊರಡುವುದಿಲ್ಲವೆಂಬ ನಮ್ಮ ಸಂಗೀತಗಾರರ ಹಳೆಯ ತಕರಾರನ್ನು ನೆನೆದರೆ ಇದು ಕೂಡಲೇ ಅರ್ಥವಾಗುತ್ತದೆ: ‘ಬಿಲೀವ್’ನಲ್ಲಿ ಕೇಳುವುದು ಹಾರ್ಮೋನಿಯಂನ ಮನೆಗಳೊಳಗೆ ಕೂಡಿಹಾಕಿದ ಮನುಷ್ಯಕಂಠ. (ಆ ತಕರಾರು ಎಷ್ಟು ಬಲವಾಗಿತ್ತೆಂದರೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ, 1971ರ ನಂತರವಷ್ಟೇ ನಿರ್ಬಂಧವನ್ನು ಸಡಿಲಿಸಿತು.)

ಇಲ್ಲಿ ಗಮನಿಸಬೇಕಾದ ಸಂಗತಿ ಶೇರ್ ಅವರ ಸ್ಥಿತಿ. ಆಗ ಅವರಿಗೆ 52 ವರ್ಷ, ಮೂರು ದಶಕಗಳ ಹೆಸರು ಬೆನ್ನಿಗಿತ್ತು, ಮತ್ತು ಅವರ ಕಂಠ ತಿದ್ದುಪಡಿ ಬೇಡುವ ಕಂಠವಾಗಿರಲಿಲ್ಲ. ಧ್ವನಿಮುದ್ರಣ ಕಂಪನಿ ಆ ವಿಚಿತ್ರ ಸದ್ದನ್ನು ತೆಗೆಯಲು ಕೇಳಿದಾಗ ಅವರು ಒಪ್ಪಲಿಲ್ಲ. ಗುಂಡಿ ತಿರುಗಿಸಿದವರು ನಿರ್ಮಾಪಕರು. ಬಂದದ್ದನ್ನು ಕೇಳಿ ಉಳಿಸಿಕೊಂಡವರು ತಾರೆ. ಪ್ರಯೋಗದ ಅರ್ಧಭಾಗ ಈ ಉಳಿಸಿಕೊಳ್ಳುವಿಕೆಯಲ್ಲೇ ಇದೆ. ಹಾಡು ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು, ಮತ್ತು ನಿರ್ಮಾಪಕರು ಮೊದಮೊದಲು ಅದು ದನಿಯನ್ನು ಯಂತ್ರದ ದನಿಯಂತೆ ಕೇಳಿಸುವ ವೋಕೋಡರ್ ಮಾದರಿಯ ಬೇರೊಂದು ಉಪಕರಣದ ಸದ್ದೆಂದು ಹೇಳಿ ಗುಟ್ಟನ್ನು ಕಾಪಾಡಿಕೊಂಡರು.

ಗುಟ್ಟು ಬಯಲಾದ ಮೇಲೆ ಆದದ್ದು ಅನುಕರಣೆ. 2005ರ ಹೊತ್ತಿಗೆ ಅಮೆರಿಕದ ಗಾಯಕ ಟಿ-ಪೇನ್ ಆ ನಾದವನ್ನು ತನ್ನ ಗುರುತನ್ನಾಗಿ ಮಾಡಿಕೊಂಡ. ಕೆಲವೇ ವರ್ಷಗಳಲ್ಲಿ ಅದು ಎಲ್ಲೆಲ್ಲೂ ಕೇಳತೊಡಗಿತು. ಆದರೆ 2008ರಲ್ಲಿ, ಎಲ್ಲರೂ ಬಳಸಿ ಸವೆದಿದ್ದ ಅದೇ ಉಪಕರಣವನ್ನು ಹಿಡಿದು ಕಾನ್ಯೆ ವೆಸ್ಟ್ ಒಂದಿಡೀ ಆಲ್ಬಂ ಮಾಡಿದ. ಹಿಂದಿನ ವರ್ಷ ತಾಯಿಯನ್ನು ಕಳೆದುಕೊಂಡಿದ್ದ, ರ‍್ಯಾಪ್‌ನಿಂದ ಹೆಸರಾಗಿದ್ದ ಆತ ರ‍್ಯಾಪ್ ಅನ್ನು ಬಹುಪಾಲು ಬದಿಗಿಟ್ಟು, ಮೋಜಿನ ಹಾಡುಗಳ ಆ ಲೋಹದ ದನಿಯಲ್ಲಿ ದುಃಖವನ್ನು ಹಾಡಿದ. ಉಪಕರಣ ಫ್ಯಾಷನ್ನಿನದು, ಬಳಕೆ ಪ್ರಯೋಗದ್ದು. ಹೀಗಿರುವಾಗ ಒಬ್ಬ ತಾರೆಯನ್ನು ಪ್ರಯೋಗಶೀಲ ಅಥವಾ ಅನುಕರಣಶೀಲ ಎಂದು ಒಟ್ಟಾರೆಯಾಗಿ ವಿಂಗಡಿಸುವುದರಿಂದ ಪ್ರಯೋಜನವಿಲ್ಲ. ಒಂದೊಂದು ಹಾಡನ್ನೂ ಬೇರೆಯಾಗಿ ನೋಡಬೇಕಾಗುತ್ತದೆ.

ಪ್ರಯೋಗಕ್ಕೆ ಫ್ಯಾಷನ್ ಬೇಕೇಬೇಕು ಎಂಬುದಕ್ಕೆ ಮಿದುಳಿನ ಕಡೆಯಿಂದಲೂ ಆಧಾರವಿದೆ. ಜರ್ಮನಿಯ ಲೈಪ್ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ 745 ಹಾಡುಗಳ ಸುಮಾರು 80,000 ಕಾರ್ಡ್‌ಗಳನ್ನು ಕಂಪ್ಯೂಟರ್ ಮಾದರಿಗೆ ಕಲಿಸಿ, ಪ್ರತಿ ಕಾರ್ಡಿನ ಮುನ್ನ ಕೇಳುಗನ ನಿರೀಕ್ಷೆ ಎಷ್ಟು ಖಚಿತವಾಗಿತ್ತು, ಬಂದ ಕಾರ್ಡ್ ಎಷ್ಟು ಅಚ್ಚರಿಯದು ಎಂದು ಲೆಕ್ಕಹಾಕಲಾಯಿತು. ಮುಂದೇನು ಬರುತ್ತದೆಂದು ಖಚಿತವಾಗಿದ್ದಾಗ ಬೇರೇನೋ ಬಂದರೆ ಕೇಳುಗರಿಗೆ ಸಂತೋಷವಾಗುತ್ತಿತ್ತು. ಏನು ಬರುತ್ತದೆಂದೇ ತಿಳಿಯದಿದ್ದಾಗ ನಿರೀಕ್ಷೆಗೆ ಹೊಂದುವಂಥದ್ದು ಬಂದರೆ ಸಂತೋಷವಾಗುತ್ತಿತ್ತು. ಈ ಅಧ್ಯಯನ ಕಾರ್ಡ್‌ಗಳನ್ನು ಕುರಿತದ್ದಾದರೂ, ನಾದಗುಣದ ವಿಷಯದಲ್ಲೂ ತರ್ಕ ಇದೇ ಇರಬೇಕೆಂದು ನನಗೆ ಅನ್ನಿಸುತ್ತದೆ. ‘ಬಿಲೀವ್’ನ ಉಳಿದೆಲ್ಲವೂ, ಅದರ ತಾಳ, ರಚನೆ, ಪಲ್ಲವಿಗೆ ಮರಳುವ ಕ್ರಮ, ಆ ಕಾಲದ ಯಾವುದೇ ನೃತ್ಯದ ಹಾಡಿನಂತೆ ಇದ್ದುದರಿಂದಲೇ ಆ ಒಂದು ದನಿಯ ನೆಗೆತ ಲಕ್ಷಾಂತರ ಕಿವಿಗಳನ್ನು ಹಿಡಿದು ನಿಲ್ಲಿಸಿತು. ಎಲ್ಲವೂ ಹೊಸದಾಗಿದ್ದರೆ ಯಾವುದು ಹೊಸದೆಂದು ಕೇಳುಗನಿಗೆ ತಿಳಿಯುತ್ತಲೇ ಇರಲಿಲ್ಲ. 1958ರಿಂದ 2016ರವರೆಗಿನ ಬಿಲ್‌ಬೋರ್ಡ್‌ನ ಸುಮಾರು 27,000 ಹಾಡುಗಳನ್ನು ಪರಿಶೀಲಿಸಿದ ನೋಆ ಆಸ್ಕಿನ್ ಮತ್ತು ಮೈಕೆಲ್ ಮೌಸ್ಕಾಫ್ 2017ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಪಟ್ಟಿಯ ಮೇಲ್ಭಾಗಕ್ಕೆ ಏರಿದವು ಸಮಕಾಲೀನ ಹಾಡುಗಳಿಗೆ ಹತ್ತಿರವಿದ್ದೂ ತುಸು ಬೇರೆಯಾಗಿದ್ದ ಹಾಡುಗಳು.

ಎಲ್ಲ ಹಾಡುಗಳೂ ದಿನೇದಿನೇ ಒಂದೇ ಆಗುತ್ತಿವೆ ಎಂಬ ದೂರಿಗೆ ಉತ್ತರವಿದೆ, ಅದು ನೇರವಾಗಿಲ್ಲ. 1960ರಿಂದ 2010ರವರೆಗಿನ ಸುಮಾರು 17,000 ಅಮೆರಿಕನ್ ಜನಪ್ರಿಯ ಹಾಡುಗಳನ್ನು ವಿಶ್ಲೇಷಿಸಿದ ಲಂಡನ್ನಿನ ಸಂಶೋಧಕರು 2015ರಲ್ಲಿ ಅಂಥ ನಿರಂತರ ಇಳಿಕೆ ಕಾಣುವುದಿಲ್ಲವೆಂದರು. ಬದಲಾವಣೆ ವೇಗ ಪಡೆದ ಮೂರು ಘಟ್ಟಗಳು ಅವರಿಗೆ ಕಂಡವು: 1964, 1983 ಮತ್ತು 1991. ವೈವಿಧ್ಯ ಅತಿ ಕಡಿಮೆಯಿದ್ದುದು 1980ರ ದಶಕದ ನಡುವಿನಲ್ಲಿ, ಡ್ರಮ್ ಯಂತ್ರಗಳೂ ವಿದ್ಯುನ್ಮಾನವಾಗಿ ನಾದ ಹುಟ್ಟಿಸುವ ಸಿಂಥಸೈಜರ್‌ಗಳೂ ಎಲ್ಲ ಸ್ಟುಡಿಯೋಗಳಿಗೆ ನುಗ್ಗಿದ ಕಾಲದಲ್ಲಿ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ವಾದ್ಯದಲ್ಲಿ ಹೊಸ ನಾದವನ್ನು ಕಟ್ಟುವುದು ಎಷ್ಟು ಕಷ್ಟವಾಗಿತ್ತೆಂದರೆ, ಕಾರ್ಖಾನೆಯೇ ತುಂಬಿಸಿಕೊಟ್ಟ ವಿದ್ಯುತ್ ಪಿಯಾನೋದ ನಾದ ಆ ದಶಕದ ಲೆಕ್ಕವಿಲ್ಲದಷ್ಟು ಪ್ರೇಮಗೀತೆಗಳಲ್ಲಿ ಹಾಗೆಯೇ ಕೇಳಿಬಂತು. ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಏರಿಳಿಸಿ ನಾದ ಕಟ್ಟುವ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಸುಂದರ ತತ್ವವೊಂದು ಹೀಗೆ ಆ ವಾದ್ಯದಲ್ಲಿ ಒಂದು ಗುಂಡಿಯಾಗಿ ಮಾರಾಟವಾಯಿತು. ಅದೇ ಅಧ್ಯಯನದ ಇನ್ನೊಂದು ಮಾತು ಬೀಟಲ್ಸ್ ಅಭಿಮಾನಿಗಳಿಗೆ ರುಚಿಸಲಾರದು: 1964ರ ಬದಲಾವಣೆಯ ಗುಣಗಳು ಅವರು ಅಮೆರಿಕಕ್ಕೆ ಬರುವ ಮೊದಲೇ ಅಲ್ಲಿನ ಹಾಡುಗಳಲ್ಲಿ ಹೆಚ್ಚತೊಡಗಿದ್ದವು.

ಬಹುಪಾಲು ತಾರೆಯರು ಬಹುಪಾಲು ಸಮಯ ಅನುಕರಿಸುತ್ತಾರೆ ಎಂಬುದನ್ನು ಅಲ್ಲಗಳೆಯಲಾಗದು. ಅದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣವಿದೆ. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನರು ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿ ಆಯ್ದುಕೊಂಡರು. ಕೆಲವರಿಗೆ ಹಾಡುಗಳನ್ನಷ್ಟೇ ತೋರಿಸಲಾಯಿತು; ಉಳಿದವರನ್ನು ಪರಸ್ಪರ ಸಂಪರ್ಕವಿಲ್ಲದ ಎಂಟು ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನ ಇತರರು ಯಾವುದನ್ನು ಎಷ್ಟು ಬಾರಿ ಇಳಿಸಿಕೊಂಡಿದ್ದಾರೆಂದೂ ತೋರಿಸಲಾಯಿತು. ಒಬ್ಬರಿಗೊಬ್ಬರ ಆಯ್ಕೆ ತಿಳಿಯದೆ ಕೇಳಿದವರು 26ನೇ ಸ್ಥಾನ ಕೊಟ್ಟ ಹಾಡೊಂದು ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಗೆಲುವು ಇಷ್ಟು ಅನಿಶ್ಚಿತವಾಗಿರುವಾಗ, ಹಣ ಹೂಡಿದವರು ಹೋದ ಸಲ ಗೆದ್ದದ್ದನ್ನೇ ಮತ್ತೆ ಮಾಡಿಸಲು ಹೊರಡುತ್ತಾರೆ. ಆದರೆ ಹೋದ ಸಲದ ಗೆಲುವಿನಲ್ಲಿ ಜನರು ಒಬ್ಬರನ್ನೊಬ್ಬರು ನೋಡಿ ಆಯ್ದುಕೊಂಡದ್ದೂ ಸೇರಿದ್ದರಿಂದ ಅದರ ನಕಲು ಗೆಲ್ಲುವ ಖಾತರಿ ಇರುವುದಿಲ್ಲ. ಸ್ಪಾಟಿಫೈನಂಥ ವೇದಿಕೆಯಲ್ಲಿ 30 ಸೆಕೆಂಡು ಕೇಳಿದ ಮೇಲಷ್ಟೇ ಹಾಡು ಲೆಕ್ಕಕ್ಕೆ ಸೇರುವುದರಿಂದ, ನಿಧಾನವಾಗಿ ಅರಳುವ ಆರಂಭವನ್ನು ಇಟ್ಟುಕೊಳ್ಳಲು ಹೊಸಬರು ಹೆದರುತ್ತಾರೆ. ನನಗೆ ಚಿಂತೆಯಾಗುವುದು ಇಲ್ಲಿ.

ಹೊಸಬರ ಈ ಇಕ್ಕಟ್ಟನ್ನು ಜಸ್ಟಿನ್ ಬರ್ಗ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಳೆದಿದ್ದಾರೆ. 1959ರಿಂದ 2010ರವರೆಗೆ 69,050 ಕಲಾವಿದರು ಬಿಡುಗಡೆ ಮಾಡಿದ ಸುಮಾರು 30 ಲಕ್ಷ ಹಾಡುಗಳು ಅದರಲ್ಲಿವೆ. ಮೊದಲ ಗೆಲುವಿಗೂ ಮುನ್ನ ಇತರರಿಗಿಂತ ಭಿನ್ನವಾದ ಹಾಡುಗಳನ್ನು ಕಟ್ಟಿಕೊಂಡಿದ್ದವರಿಗೆ ಆ ಮೊದಲ ಗೆಲುವು ಸಿಗುವ ಸಂಭವ ಕಡಿಮೆ. ಸಿಕ್ಕವರು ಮಾತ್ರ ಮುಂದೆಯೂ ಗೆಲ್ಲುವ ಸಂಭವ ಹೆಚ್ಚು. ಫ್ಯಾಷನ್ನನ್ನು ಹಿಡಿದು ಗೆದ್ದವರಿಂದ ಕೇಳುಗರು ಅದನ್ನೇ ಮತ್ತೆ ನಿರೀಕ್ಷಿಸುತ್ತಾರೆ, ಅಷ್ಟರಲ್ಲಿ ಮಾರುಕಟ್ಟೆ ಬೇರೆ ಕಡೆಗೆ ಹೊರಳಿರುತ್ತದೆ. ಭಿನ್ನವಾದದ್ದನ್ನು ಮೊದಲೇ ಮಾಡಿಟ್ಟುಕೊಂಡವರಿಗೆ ಆಗ ಆಯ್ದುಕೊಳ್ಳಲು ತಮ್ಮದೇ ಹಳೆಯ ಹಾಡುಗಳಲ್ಲಿ ಹಲವು ದಾರಿಗಳಿರುತ್ತವೆ.