ಪದ ಪರಿಚಯ: ಯಂಗ್ಸ್ ಮಾಡ್ಯುಲಸ್, ಅಂದರೆ ಕಡಕ್‌ತನದ ಲೆಕ್ಕ

ಮನೆ ಕಟ್ಟಿಸುವವರು ಹುಬ್ಬಳ್ಳಿಯ ಕಬ್ಬಿಣದ ಅಂಗಡಿಗೆ ಹೋದರೆ ಮೊದಲು ರೇಟು ಕೇಳುತ್ತಾರೆ, ಆಮೇಲೆ ‘ಯಾವ ಸಳಿ ಗಟ್ಟಿ ರೀ?’ ಅಂತಾರೆ. ಅಂಗಡಿಯವರು 500ರದ್ದು ಬಿಟ್ಟು 550ರದ್ದು ತೋರಿಸುತ್ತಾರೆ. ಸುಳ್ಳೇನಲ್ಲ. ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್ ಬಲ ಬೀಳುವ ತನಕ ಸಳಿ ಶಾಶ್ವತವಾಗಿ ಸೊಟ್ಟಗಾಗುವುದಿಲ್ಲ ಎಂಬುದೇ ಆ ಅಂಕಿಯ ಅರ್ಥ. ಆದರೆ 550ರ ಸಳಿ ಕಡಿಮೆ ಬಾಗುತ್ತದೆ ಎಂದುಕೊಂಡರೆ ಮೋಸ ಹೋದಿರಿ. ಆ ಮಿತಿಯೊಳಗೆ, ಒಂದೇ ದಪ್ಪ, ಒಂದೇ ಉದ್ದ, ಒಂದೇ ಭಾರ ಇದ್ದರೆ ಎರಡೂ ಅಷ್ಟಕ್ಕಷ್ಟೇ ಬಾಗುತ್ತವೆ.

ಈ ವ್ಯತ್ಯಾಸ ನಮ್ಮ ಅಡುಗೆಮನೆಗೆ ಮೊದಲೇ ಗೊತ್ತು. ಕಡಕ್ ರೊಟ್ಟಿ ಬಾಗುವುದಿಲ್ಲ, ಜಗ್ಗಿದರೆ ಚಟ್ಟನೆ ಮುರಿಯುತ್ತದೆ. ಅದು ಕಡಕ್ ಹೌದು, ಗಟ್ಟಿ ಅಲ್ಲ. ಯಂಗ್ಸ್ ಮಾಡ್ಯುಲಸ್ ಅಳೆಯುವುದು ಈ ಕಡಕ್‌ತನವನ್ನು. ಮುರಿಯುವುದು ಯಾವಾಗ ಎಂಬ ಮಾತೇ ಅದರಲ್ಲಿಲ್ಲ.

ಲೆಕ್ಕ ಸರಳ. ಬಲವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸ್ಟ್ರೆಸ್. ಹಿಗ್ಗಿದ್ದನ್ನು ಮೂಲ ಉದ್ದದಿಂದ ಭಾಗಿಸಿದರೆ ಸ್ಟ್ರೇನ್. ಸ್ಟ್ರೆಸ್ಸನ್ನು ಸ್ಟ್ರೇನಿನಿಂದ ಭಾಗಿಸಿದರೆ ಮಾಡ್ಯುಲಸ್. ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಅಂದರೆ ಚದರ ಮಿಲಿಮೀಟರಿಗೆ ಸಾವಿರ ನ್ಯೂಟನ್), ಅಲ್ಯೂಮಿನಿಯಂಗೆ 70, ಗಾಜಿಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಉಕ್ಕಿನ ತಂತಿಗೆ 10 ಕಿಲೋ ತೂಗುಹಾಕಿ ನೋಡಿ. ಹಿಗ್ಗುವುದು ಬರೀ ಅರ್ಧ ಮಿಲಿಮೀಟರ್. ಅಲ್ಯೂಮಿನಿಯಂ ತಂತಿಯಾದರೆ ಸುಮಾರು 1.4.

ಆ ಅರ್ಧ ಮಿಲಿಮೀಟರನ್ನು ನಂಬುವಂತೆ ಅಳೆಯುವುದೇ ತಾಪತ್ರಯದ ಕೆಲಸ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಯುಟಿಎಂ (ಯೂನಿವರ್ಸಲ್ ಟೆಸ್ಟಿಂಗ್ ಮಷೀನ್) ಎಂಬ ಯಂತ್ರ ಸಳಿಯನ್ನು ಎರಡೂ ತುದಿಯಲ್ಲಿ ಕಚ್ಚಿ ಜಗ್ಗುತ್ತದೆ. ಜಗ್ಗುವಾಗ ಯಂತ್ರದ ಚೌಕಟ್ಟೂ ತುಸು ಮಣಿಯುತ್ತದೆ, ಹಿಡಿತವೂ ಜಾರುತ್ತದೆ. ಅದನ್ನೆಲ್ಲ ಸಳಿಯ ಖಾತೆಗೆ ಬರೆದರೆ ಉಕ್ಕು ಇದ್ದದ್ದಕ್ಕಿಂತ ಮೆತ್ತಗೆ ಕಾಣುತ್ತದೆ. ಅದಕ್ಕೇ ಸಳಿಯ ಮೈಗೇ ಹಿಗ್ಗಿದ್ದನ್ನು ಅಳೆಯುವ ಎಕ್ಸ್‌ಟೆನ್ಸೋಮೀಟರ್ ಕಟ್ಟುತ್ತಾರೆ. ಸ್ಟ್ರೆಸ್-ಸ್ಟ್ರೇನ್ ಗ್ರಾಫಿನಲ್ಲಿ ಮೊದಲ ನೇರ ಗೆರೆಯ ಇಳಿಜಾರಷ್ಟೇ ಲೆಕ್ಕಕ್ಕೆ ಬರುತ್ತದೆ. ಗೆರೆ ವಾಲಿದ ಮೇಲಿನದನ್ನು ಸೇರಿಸಿದವರ ಉತ್ತರ ಕೆಟ್ಟಿತು.

ಹೆಸರು ಥಾಮಸ್ ಯಂಗ್ ಅವರದು, ವೃತ್ತಿಯಿಂದ ವೈದ್ಯರು. ಅವರು ಇದನ್ನು ಬರೆದದ್ದು 1807ರಲ್ಲಿ. ಗಣಿತಜ್ಞ ಆಯ್ಲರ್ ಆ ವಿಚಾರವನ್ನು ಎಂಬತ್ತು ವರ್ಷ ಮೊದಲೇ ಮುಟ್ಟಿದ್ದರು. ಹೆಸರಿನ ಹಂಚಿಕೆಯಲ್ಲಿ ವಿಜ್ಞಾನಕ್ಕೆ ಅಂಥ ನ್ಯಾಯವೇನೂ ಇಲ್ಲ.

ಮತ್ತೆ ಅಂಗಡಿಗೆ ಬರೋಣ. ನಿಮ್ಮ ಚಿಂತೆ ಬೀಮು ಜೋಲುವುದರ ಬಗ್ಗೆ ಇದ್ದರೆ, ಬರೀ ಸಳಿಯ ನಂಬರ್ ಹೆಚ್ಚಿಸಿ ಪ್ರಯೋಜನವಿಲ್ಲ. ಬೀಮಿನ ಆಳ, ಅಂದರೆ ಮೇಲಿಂದ ಕೆಳಗಿನವರೆಗಿನ ಎತ್ತರ, ಎಷ್ಟು ಎಂದು ಎಂಜಿನಿಯರನ್ನು ಕೇಳಿ. ಒಂದು ಮರದ ತೊಲೆಯನ್ನೇ ತೆಗೆದುಕೊಳ್ಳಿ: ಅಗಲ ಹಾಗೇ ಇಟ್ಟು ಆಳ ದುಪ್ಪಟ್ಟು ಮಾಡಿದರೆ, ಅದೇ ಭಾರಕ್ಕೆ ಅದು ಬಾಗುವುದು ಎಂಟನೇ ಒಂದು ಪಾಲು ಮಾತ್ರ.