ಹೆಬ್ಬೆರಳ ಉಗುರಿನ ಮೂಲೆ ಕತ್ತರಿಸಬೇಡಿ

ಕಾಲಿನ ಹೆಬ್ಬೆರಳ ಉಗುರು ಪಕ್ಕದ ಮಾಂಸಕ್ಕೆ ಚುಚ್ಚತೊಡಗಿದರೆ ಹೆಚ್ಚಿನವರು ಮೊದಲು ಹುಡುಕುವುದು ನೇಲ್ ಕಟರನ್ನು. ಅದನ್ನು ಸಂದಿಗೆ ತೂರಿಸಿ ಮೂಲೆಯನ್ನು ಆಳಕ್ಕೆ ಕತ್ತರಿಸುತ್ತಾರೆ. ನೋವು ಇಳಿಯುತ್ತದೆ, ನಿಜ. ಆದರೆ ಮುಂದಿನ ನೋವಿಗೆ ದಾರಿಯಾಗುವುದೂ ಅದೇ.

ಉಗುರು ಬೆಳೆಯುವುದು ಚರ್ಮದಡಿಯ ಬುಡದಿಂದ. ಮೂಲೆ ಕತ್ತರಿಸುವಾಗ ಕಟರ್ ಅಂಚಿನ ಕೊನೆಯವರೆಗೂ ತಲುಪುವುದಿಲ್ಲ. ಒಳಗೆ ಸಣ್ಣದೊಂದು ಚೂಪು ಕಾಣದಂತೆ ಉಳಿದುಬಿಡುತ್ತದೆ. ಕಾಲುಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಆ ಚೂಪೂ ಅಷ್ಟಷ್ಟೇ ಮುಂದೆ ಬಂದು ಮುಳ್ಳಿನ ಹಾಗೆ ಮಾಂಸಕ್ಕೆ ನಾಟುತ್ತದೆ. ಉಗುರು ಇಲ್ಲದ ಜಾಗದಲ್ಲಿ ಚರ್ಮ ಉಬ್ಬಿ ಅದಕ್ಕೆ ಅಡ್ಡ ಬಂದಿರುತ್ತದೆ ಬೇರೆ. ಬಿಗಿ ಶೂ, ಬೆವರಿಗೆ ಮೆತ್ತಗಾದ ಚರ್ಮ ಸೇರಿದರೆ ಕೇಳಬೇಕೇ? ಊತ, ಕೀವು, ಆಮೇಲೆ ಮುಟ್ಟಿದರೆ ರಕ್ತ ಬರುವ ಕೆಂಪು ಹಸಿಮಾಂಸ. ಹದಿಹರೆಯದ ಮಕ್ಕಳಲ್ಲಿ ಇದು ಜಾಸ್ತಿ. ಉಗುರಿನ ನಡುವೆ 'ವಿ' ಆಕಾರದ ಕಚ್ಚು ಹಾಕಿದರೆ ಅಂಚು ಮಾಂಸ ಬಿಟ್ಟು ನಡುವಿನ ಕಡೆಗೆ ಸರಿಯುತ್ತದೆ ಎನ್ನುವವರಿದ್ದಾರೆ. ಬೆಳವಣಿಗೆ ಬುಡದಲ್ಲಿ ನಡೆಯುವಾಗ ತುದಿಯ ಕಚ್ಚಿನಿಂದ ಏನೂ ಆಗದು.

ಬರೀ ನೋವು, ಕೆಂಪು ಇದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ, 10ರಿಂದ 20 ನಿಮಿಷ ಕಾಲು ನೆನೆಸಿ. ಚೆನ್ನಾಗಿ ಒರೆಸಿ, ಚಿಟಿಕೆಯಷ್ಟು ಹತ್ತಿಯನ್ನು ಹೊಸೆದು ಉಗುರಿನ ಅಂಚಿನಡಿ ನಿಧಾನವಾಗಿ ಸೇರಿಸಿ. ಹತ್ತಿಯನ್ನು ದಿನಾ ಬದಲಿಸಿ. ಶೂ ಬಿಟ್ಟು ಬೆರಳು ತೆರೆದಿರುವ ಚಪ್ಪಲಿ ಹಾಕಿ. ಮೂಲೆ ಚರ್ಮದಿಂದಾಚೆ ಬರುವವರೆಗೆ, ಅಂದರೆ ಕೆಲವು ವಾರ, ತಾಳ್ಮೆ ಬೇಕು.

ಕೀವು, ಹಸಿಮಾಂಸ ಕಂಡರೆ ಡಾಕ್ಟರ ಹತ್ತಿರ ಹೋಗಿ. ಚೂಪು ಒಳಗೇ ಇರುವಾಗ ಸುಮ್ನೆ ಆಂಟಿಬಯೋಟಿಕ್ ನುಂಗುತ್ತಾ ಕೂತರೆ ಊತ ಮರಳಿ ಬರುತ್ತದೆ. ಪೂರ್ತಿ ಉಗುರು ಕಿತ್ತರೂ ಅದು ಒಂದು, ಒಂದೂವರೆ ವರ್ಷದಲ್ಲಿ ಬೆಳೆದು ಎಷ್ಟೋ ಸಲ ಮತ್ತೆ ಚುಚ್ಚುತ್ತದೆ. ಅದಕ್ಕಿಂತ ಒಳ್ಳೆಯ ವಿಧಾನವಿದೆ. ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚುಚ್ಚುವ ಬದಿಯ ಪಟ್ಟಿಯನ್ನಷ್ಟೇ ತೆಗೆದು, ಅದರ ಬುಡಕ್ಕೆ ಫೀನಾಲ್ ಎಂಬ, ಬುಡವನ್ನು ಸುಡುವ ರಾಸಾಯನಿಕ ಹಚ್ಚುತ್ತಾರೆ. ಆ ಭಾಗ ಮತ್ತೆ ಬೆಳೆಯುವ ಸಾಧ್ಯತೆ ತೀರಾ ಕಡಿಮೆ. ಅದೇ ದಿನ ಮನೆಗೆ ಬರಬಹುದು.

ಇನ್ನು ಮುಂದೆ ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳು ಚರ್ಮದ ಹೊರಗೇ ಇರಲಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಮೇಲೆ ಹೇಳಿದ ಮನೆಮದ್ದು ಅವರಿಗಲ್ಲ. ಅವರ ಪಾದಕ್ಕೆ ನೋವು ಗೊತ್ತಾಗದೆ ಹೋಗಬಹುದು, ಗಾಯವೂ ಬೇಗ ಮಾಯದು. ಅವರ ಬೆರಳುಗಳನ್ನು ದಿನಾ ನೀವೇ ನೋಡಿ. ಸ್ವಲ್ಪ ಕೆಂಪಾಗಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಿ.