ಸೌತೆಗೆ ಮಾವಿನಮಿಡಿಯ ಲೆಕ್ಕ ನಡೆಯದು

ತುಮಕೂರು, ಹಾಸನ, ಹಾವೇರಿ ಕಡೆಯ ಹೊಲಗಳಲ್ಲಿ ಬೆಳೆಯುವ ಮಿಡಿಸೌತೆ ಬಹುಪಾಲು ಡ್ರಮ್ಮುಗಳಲ್ಲಿ ತುಂಬಿ ಯುರೋಪಿಗೋ ಅಮೆರಿಕಕ್ಕೋ ರಷ್ಯಾಕ್ಕೋ ಹೋಗುತ್ತದೆ. ನಮ್ಮವರು ಅದರ ರುಚಿ ನೋಡುವುದು ಬರ್ಗರ್ ನಡುವೆ ಸಿಗುವ ಎರಡು ಬಿಲ್ಲೆಗಳಲ್ಲಿ. ಅಂಥ ಸಂಸ್ಕರಣಾ ಘಟಕದಲ್ಲಿ ವರ್ಷಗಟ್ಟಲೆ ಉಪ್ಪುನೀರು ಅಳೆದವನು ನಾನು. ಅದನ್ನು ಉಪ್ಪುನೀರಿನಲ್ಲಿ ಹುಳಿಸಿ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ನೋಡಿದವರ ದೂರುಗಳು ಎರಡೇ ಬಗೆ: ನಾಲ್ಕು ದಿನಕ್ಕೆ ಮೆತ್ತಗಾಗಿ ಕೊಳೆಯಿತು, ಇಲ್ಲವೇ ಸುಕ್ಕುಗಟ್ಟಿ ಬರೀ ಉಪ್ಪಾಯಿತು, ಹುಳಿ ಬರಲೇ ಇಲ್ಲ. ಎರಡನೆಯವರು ಸಾಮಾನ್ಯವಾಗಿ ಮಲೆನಾಡಿನವರು. ಮಾವಿನಮಿಡಿಯ ಅಂದಾಜಿನಲ್ಲಿ ಕೈತುಂಬ ಉಪ್ಪು ಸುರಿದಿರುತ್ತಾರೆ.

ಮಾವಿನಮಿಡಿಗೆ ಹುಳಿ ಹುಟ್ಟಿನಿಂದಲೇ ಇದೆ, ಅದು ಕೆಡದಂತೆ ಉಪ್ಪು ನೋಡಿಕೊಂಡರೆ ಸಾಕು. ಸೌತೆಯಲ್ಲಿ ನೂರಕ್ಕೆ 95 ಪಾಲು ನೀರು, ಹುಳಿ ಅಷ್ಟಕ್ಕಷ್ಟೆ. ಅದನ್ನು ಸಿಪ್ಪೆಯ ಮೇಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಹುಟ್ಟಿಸಬೇಕು. ಮೊಸರು, ದೋಸೆಹಿಟ್ಟು ಹುಳಿಸುವ ಬಳಗದವೇ ಇವು. ಉಪ್ಪು ಕಡಿಮೆಯಾದರೆ ಕೊಳೆಸುವ ಜೀವಿಗಳು ಮುಂದಾಗುತ್ತವೆ, ಅತಿಯಾದರೆ ಇವೂ ಕೆಲಸ ನಿಲ್ಲಿಸುತ್ತವೆ.

ಆದ್ದರಿಂದ ತಕ್ಕಡಿ ಬೇಕೇ ಬೇಕು. ಒಂದು ಕಿಲೋ ಸೌತೆಗೆ ಒಂದು ಲೀಟರ್ ನೀರು, 70 ಗ್ರಾಂ ಉಪ್ಪು. ನೀರಿಗೆ ನೂರಕ್ಕೆ ಏಳು ಪಾಲು ಉಪ್ಪು ಜಾಸ್ತಿಯಾಯಿತಲ್ಲ ಎನ್ನಬೇಡಿ. ಸೌತೆಯೊಳಗಿನ ನೀರು ಹೊರಬಂದು ಬೆರೆತ ಮೇಲೆ ಅದು ಮೂರೂವರೆಗೆ ಇಳಿಯುತ್ತದೆ, ನಮಗೆ ಬೇಕಾದದ್ದು ಅದೇ. ಸರಾಗವಾಗಿ ಉದುರಲೆಂದು ಪುಡಿ ಬೆರೆಸಿದ ಟೇಬಲ್ ಸಾಲ್ಟ್ ನೀರನ್ನು ಕದಡುತ್ತದೆ. ಬೆರಕೆಯಿಲ್ಲದ ಕಲ್ಲುಪ್ಪು ಮೇಲು.

ಕಾಯಿ ಬೆರಳುದ್ದದ್ದಿರಲಿ, ಕೊಯ್ದ ದಿನದ್ದೇ ಇರಲಿ. ಬಲಿತ ಸೌತೆ ಬೇಡ, ನಡುವೆ ಟೊಳ್ಳಾಗುತ್ತದೆ. ಕಹಿ ಹೋಗಲೆಂದು ನಾವು ತೊಟ್ಟಿನ ಕಡೆ ಕತ್ತರಿಸಿ ಉಜ್ಜುತ್ತೇವಲ್ಲ, ಇಲ್ಲಿ ಗಮನ ಬೇಕಾದದ್ದು ಅದರ ಎದುರು ತುದಿಗೆ. ಹೂವು ಉದುರಿದ ಆ ಜಾಗದಲ್ಲಿರುವ ಕಿಣ್ವಗಳೇ ಕಾಯಿಯನ್ನು ಮೆತ್ತಗೆ ಮಾಡುವುದು. ಒಂದೆರಡು ಮಿಲಿಮೀಟರ್ ಹೆರೆದುಬಿಡಿ. ಗರಿಗರಿಯಾಗಿರಲೆಂದು ದ್ರಾಕ್ಷಿ ಎಲೆ ಹಾಕುವವರಿದ್ದಾರೆ. ಈ ತುದಿ ಹೋದ ಮೇಲೆ ಎಲೆ ಹುಡುಕಿಕೊಂಡು ಅಲೆಯುವುದು ವ್ಯರ್ಥ.

ಪರಿಮಳಕ್ಕೆ ಸಬ್ಬಸಿಗೆ. ಯುರೋಪಿನ ಜಾಡಿಗಳಲ್ಲಿರುವುದೂ ಅದೇ, ನಮ್ಮ ಸಂತೆಯಲ್ಲಿ ಕಟ್ಟುಕಟ್ಟಾಗಿ ಸಿಗುವ ಸೊಪ್ಪು. ಹೂವಿನ ಗೊಂಚಲು ಸಿಕ್ಕರೆ ಇನ್ನೂ ಚೆನ್ನ. ಬೆಳ್ಳುಳ್ಳಿ, ಕಾಳುಮೆಣಸು, ಸಾಸಿವೆ ನಿಮ್ಮಿಷ್ಟ. ಎಣ್ಣೆ ಬೇಡ, ಒಗ್ಗರಣೆಯಂತೂ ಬೇಡವೇ ಬೇಡ.

ಗಾಜಿನ ಜಾಡಿಯಲ್ಲೋ ಪಿಂಗಾಣಿ ಭರಣಿಯಲ್ಲೋ ಜೋಡಿಸಿ, ಕಾಯಿ ಪೂರ್ತಿ ಮುಳುಗುವಂತೆ ಮೇಲೊಂದು ಪುಟ್ಟ ತಟ್ಟೆ ಅದುಮಿಡಿ. ಮುಚ್ಚಳ ಬಿಗಿಯಬಾರದು. ನಾನು ಮೊದಲ ಸಲ ಭದ್ರವಾಗಿ ತಿರುಗಿಸಿಟ್ಟು, ಮೂರನೆಯ ದಿನ ತೆರೆದಾಗ ಉಪ್ಪುನೀರು ಚಿಮ್ಮಿ ಅಡುಗೆಮನೆಯ ಗೋಡೆಗೆಲ್ಲ ಸಬ್ಬಸಿಗೆ ಅಂಟಿತ್ತು.

ಇನ್ನು ಸೆಖೆ. ಹದವಾಗಿ ಹುಳಿಯಲು 20ರಿಂದ 24 ಡಿಗ್ರಿ ಇರಬೇಕು, ಆಗ ಮೂರು ನಾಲ್ಕು ವಾರ ಹಿಡಿಯುತ್ತದೆ. ಬೆಂಗಳೂರಿನ ಡಿಸೆಂಬರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಹಾಕುವುದೇ ಬೇಡ ಎನ್ನುತ್ತೇನೆ, 27 ಡಿಗ್ರಿ ದಾಟಿದರೆ ಕಾಯಿ ಮೆತ್ತಗಾಗುತ್ತದೆ.

ಗುಳ್ಳೆ ಏಳುವುದು, ನೀರು ಮಬ್ಬಾಗುವುದು, ಹಸಿರು ಬಣ್ಣ ಹಳದಿಗೆ ತಿರುಗುವುದು ಎಲ್ಲವೂ ಸರಿಯೇ. ಮೇಲೆ ಬಿಳಿ ಪೊರೆ ಕಂಡರೆ ದಿನವೂ ತೆಗೆಯುತ್ತಿರಿ. ಕಾಯಿ ಲೋಳೆಯಾಗಿದ್ದರೆ, ಕೆಟ್ಟ ವಾಸನೆ ಬಂದರೆ ನಾಲಿಗೆಗೆ ತಾಗಿಸಿಯೂ ನೋಡದೆ ಚೆಲ್ಲಿ. ಹುಳಿಯ ಮಟ್ಟ ತೋರಿಸುವ ಪಿಎಚ್ ಪಟ್ಟಿಯೊಂದನ್ನು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಅದ್ದಿ ನೋಡಿದರೆ 4.6ಕ್ಕಿಂತ ಕೆಳಗಿರಬೇಕು, ನಾನು 4ರ ಕೆಳಗೆ ಇಳಿಯುವವರೆಗೆ ಕಾಯುತ್ತೇನೆ. ಆಮೇಲೆ ಜಾಡಿ ಫ್ರಿಜ್ಜಿಗೆ ಹೋಗುತ್ತದೆ. ಉಳಿದ ಹುಳಿನೀರನ್ನು ನಮ್ಮ ಮನೆಯಲ್ಲಿ ಚೆಲ್ಲುವುದಿಲ್ಲ, ಉಪ್ಪು ಹಾಕದ ತಂಬುಳಿಗೆ ಎರಡು ಚಮಚ ಬೆರೆಸುತ್ತೇವೆ.